ಲ್ಯಾನ್‌ನಲ್ಲಿ ಮೈಕ್ ಧ್ವನಿ ಕಡಿಯುತ್ತಿದೆಯೇ? ಕಡಿತದ ತಾಳ ಹಿಡಿದು ದೋಷ ಹುಡುಕುವ ಬಗೆ

ಒಂದೇ ರೂಟರಿಗೆ ಸೇರಿದ ಎರಡು ಕಂಪ್ಯೂಟರುಗಳು. ಒಂದಕ್ಕೆ ಮೈಕ್ ಜೋಡಿಸಿದೆ, ಇನ್ನೊಂದಕ್ಕೆ ಸ್ಪೀಕರ್. ಇಲ್ಲಿ ಆಡಿದ ಮಾತು ಅಲ್ಲಿ ಆಗಿಂದಾಗಲೇ ಕೇಳಬೇಕು. ಲೆಕ್ಕ ಹಾಕಿದರೆ ಇದು ತೀರಾ ಸಣ್ಣ ಕೆಲಸ: ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆಗಳು), ಒಂದೊಂದಕ್ಕೆ 16 ಬಿಟ್, ಮೋನೋ. ಒಟ್ಟು 768 ಕಿಲೋಬಿಟ್. 100 ಮೆಗಾಬಿಟ್‌ನ ಹಳೆಯ ಕೇಬಲ್ಲಿಗೂ ಇದು ನೂರರಲ್ಲಿ ಒಂದು ಪಾಲು ಆಗುವುದಿಲ್ಲ. ಆದರೂ ಧ್ವನಿ ಕಡಿಯುತ್ತದೆ, ಗೊರಗುಟ್ಟುತ್ತದೆ, ಹೊತ್ತು ಹೋದಂತೆ ಹಿಂದೆ ಬೀಳುತ್ತದೆ.

ಹೀಗಾದಾಗ ಎಲ್ಲರ ಕೈಯೂ ಮೊದಲು ಹೋಗುವುದು ಬಫರ್ ಸೆಟ್ಟಿಂಗಿಗೆ. ನುಡಿಸುವ ಮೊದಲು ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಜಾಗವೇ ಬಫರ್. 50 ಮಿಲಿಸೆಕೆಂಡ್ ಇದ್ದದ್ದನ್ನು 200 ಮಾಡಿದರೆ ಸರಿಹೋದಂತೆ ಕಾಣುತ್ತದೆ. ಎರಡು ದಿನ ಬಿಟ್ಟು ದೂರು ಮತ್ತೆ ಬರುತ್ತದೆ. ದಯವಿಟ್ಟು ಬಫರನ್ನು ಮೊದಲು ಮುಟ್ಟಬೇಡಿ. ಬಫರ್ ಹಿಗ್ಗಿಸಿದರೆ ದೋಷ ಹೋಗುವುದಿಲ್ಲ, ಅದರ ಗುರುತು ಅಳಿಸಿಹೋಗುತ್ತದೆ. ಹುಡುಕುವವರಿಗೆ ಬೇಕಾದದ್ದೇ ಆ ಗುರುತು.

ಆ ಗುರುತಿಗೆ ನಾನು ತಾಳ ಎನ್ನುತ್ತೇನೆ. ಧ್ವನಿ ಎಷ್ಟು ಹೊತ್ತಿಗೊಮ್ಮೆ ಕಡಿಯುತ್ತದೆ, ಕಡಿದಾಗ ಎಷ್ಟು ಉದ್ದದ ತುಂಡು ಹೋಗುತ್ತದೆ, ಕಡಿತದ ನಂತರ ಮಾತು ಮೊದಲಿನ ಜಾಗಕ್ಕೇ ಬರುತ್ತದೋ ಇಲ್ಲವೇ ತಡವಾಗಿಯೇ ಮುಂದುವರಿಯುತ್ತದೋ — ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆದ್ದರಿಂದ ಯಾವ ಸಾಫ್ಟ್‌ವೇರನ್ನೂ ತೆರೆಯುವ ಮೊದಲು ಗಡಿಯಾರ ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೇಳಿ. ಕಡಿದ ಪ್ರತಿ ಸಲವೂ ಸಮಯ ಬರೆದುಕೊಳ್ಳಿ. ಬೇಸರದ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಮುಂದೆ ಹೋದವರು ದಿನಗಟ್ಟಲೆ ರೂಟರ್ ಬದಲಿಸುತ್ತಾ ಕೂತದ್ದನ್ನು ನೋಡಿದ್ದೇನೆ.

ದಾರಿಯನ್ನು ತುಂಡು ಮಾಡಿ ನೋಡಿ

ಧ್ವನಿ ಐದು ಕಡೆ ಹಾದು ಬರುತ್ತದೆ: ಮೈಕ್ ಮತ್ತು ಸೌಂಡ್ ಕಾರ್ಡ್, ಕಳಿಸುವ ಪ್ರೋಗ್ರಾಮು, ನೆಟ್‌ವರ್ಕ್, ಕೇಳಿಸುವ ಕಡೆಯ ಬಫರ್, ಕೊನೆಗೆ ಸ್ಪೀಕರ್. ಎಲ್ಲವನ್ನೂ ಒಟ್ಟಿಗೆ ಅನುಮಾನಿಸಿದರೆ ಯಾವುದೂ ಸಿಕ್ಕುವುದಿಲ್ಲ.

ಮೊದಲು ಕಳಿಸುವ ಯಂತ್ರದಲ್ಲೇ ಮೈಕ್ ಧ್ವನಿಯನ್ನು ಹತ್ತು ನಿಮಿಷ ಫೈಲಿಗೆ ರೆಕಾರ್ಡ್ ಮಾಡಿ ಕೇಳಿ. ಅದರಲ್ಲೇ ಕಡಿತವಿದ್ದರೆ ನೆಟ್‌ವರ್ಕಿನ ಗೊಡವೆಯೇ ಬೇಡ. ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ಲಾಗ್‌ನಲ್ಲಿ ಓವರ್‌ರನ್ ಎಂಬ ಪದ (ಬಂದ ಧ್ವನಿಯನ್ನು ಹೊತ್ತಿಗೆ ಎತ್ತಿಕೊಳ್ಳದೆ ಚೆಲ್ಲಿಹೋಯಿತು ಎಂದರ್ಥ) ಹುಡುಕಿ. ರೆಕಾರ್ಡಿಂಗ್ ಚೆನ್ನಾಗಿದ್ದರೆ ಕಳಿಸುವುದು, ಕೇಳುವುದು ಎರಡನ್ನೂ ಅದೇ ಯಂತ್ರದಲ್ಲಿ 127.0.0.1 ವಿಳಾಸಕ್ಕೆ ನಡೆಸಿ. ಇಲ್ಲಿ ತಂತಿಯೂ ಇಲ್ಲ, ವೈಫೈಯೂ ಇಲ್ಲ. ಆಗಲೂ ಕಡಿದರೆ ತಪ್ಪು ಪ್ರೋಗ್ರಾಮಿನದು ಅಥವಾ ಅದರ ಸೆಟ್ಟಿಂಗಿನದು. ಅದೂ ಸರಿಯಿದ್ದರೆ ಎರಡೂ ಯಂತ್ರಗಳನ್ನು ಕೇಬಲ್ಲಿನಿಂದ ಸೇರಿಸಿ ನೋಡಿ. ವೈಫೈ ಕೊನೆಗೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ.

ಪರೀಕ್ಷೆಗೆ ಮಾತಿಗಿಂತ ಒಂದೇ ಸಮನೆಯ ಸ್ವರ ಒಳ್ಳೆಯದು. 440 ಹರ್ಟ್ಸ್‌ನ ಸೈನ್ ಅಲೆ ಕಳಿಸಿ. ಮಾತಿನ ನಡುವೆ ಮೌನಗಳಿರುತ್ತವೆ, ಹೋದ ತುಂಡು ಆ ಮೌನದಲ್ಲಿ ಅಡಗಿಕೊಳ್ಳಬಹುದು. ಸ್ವರದಲ್ಲಿ 5 ಮಿಲಿಸೆಕೆಂಡ್ ಹೋದರೂ ಟಕ್ ಎಂದು ಕಿವಿಗೆ ಬೀಳುತ್ತದೆ. ಕೇಳಿಸುವ ಕಡೆ ರೆಕಾರ್ಡ್ ಮಾಡಿ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಪ್ರೋಗ್ರಾಮಿನಲ್ಲಿ ಹಿಗ್ಗಿಸಿ ನೋಡಿದರೆ ಅಲೆ ಮುರಿದ ಜಾಗ ಕಣ್ಣಿಗೇ ಕಾಣುತ್ತದೆ.

ಏನೂ ಕೇಳಿಸದಿದ್ದರೆ

ಇದು ಎಲ್ಲಕ್ಕಿಂತ ಸುಲಭದ್ದು. ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಹೋಗುತ್ತಿದೆ, ಧ್ವನಿ ಮಾತ್ರ ಇಲ್ಲ ಎಂದರೆ ಸಾಮಾನ್ಯವಾಗಿ ಫೈರ್‌ವಾಲ್ ಧ್ವನಿ ಬರುವ ಯುಡಿಪಿ (ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳಿಸುವ ಬಗೆ) ಪೋರ್ಟನ್ನು ತಡೆದಿರುತ್ತದೆ, ಇಲ್ಲವೇ ಪ್ರೋಗ್ರಾಮು 0.0.0.0 ಮೇಲೆ, ಅಂದರೆ ಎಲ್ಲ ಕಡೆಯಿಂದ ಬರುವುದಕ್ಕೂ, ಕಿವಿಗೊಡುವ ಬದಲು 127.0.0.1 ಮೇಲೆ, ಅಂದರೆ ತನ್ನದೇ ಯಂತ್ರಕ್ಕೆ ಮಾತ್ರ ಕಿವಿಗೊಟ್ಟಿರುತ್ತದೆ. ಪಿಂಗೂ ಹೋಗದಿದ್ದರೆ ಒಂದು ಯಂತ್ರ ಅತಿಥಿಗಳ ವೈಫೈಗೆ ಸೇರಿದೆಯೇ ನೋಡಿ. ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ರೂಟರ್ ಬೇಲಿ ಹಾಕಿರುತ್ತದೆ.

ಬ್ರೌಸರಿನಿಂದ ಮೈಕ್ ಕಳಿಸುವವರು ಎಡವುವ ಜಾಗ ಬೇರೆ. ಅಭಿವೃದ್ಧಿ ಮಾಡುವಾಗ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದೇ ಯಂತ್ರದಲ್ಲಿ, ಎಲ್ಲ ಸರಿಯಿರುತ್ತದೆ. ಅದೇ ಪುಟವನ್ನು ಫೋನಿನಲ್ಲಿ 192.168ರಿಂದ ಶುರುವಾಗುವ ವಿಳಾಸ ಹಾಕಿ ತೆರೆದರೆ ಮೈಕ್ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಕಾರಣ, ಬ್ರೌಸರುಗಳು ಮೈಕನ್ನು ಸುರಕ್ಷಿತ ಪುಟಗಳಿಗೆ ಮಾತ್ರ ಕೊಡುತ್ತವೆ. ಲೋಕಲ್‌ಹೋಸ್ಟ್ ಸುರಕ್ಷಿತ ಎಂದು ಒಪ್ಪಿಕೊಳ್ಳುತ್ತವೆ, ಲ್ಯಾನ್ ವಿಳಾಸದ ಎಚ್‌ಟಿಟಿಪಿ ಪುಟವನ್ನು ಒಪ್ಪುವುದಿಲ್ಲ. ಎಚ್‌ಟಿಟಿಪಿಎಸ್ ಮಾಡಿಕೊಳ್ಳದೆ ಬೇರೆ ನೇರ ದಾರಿಯಿಲ್ಲ. ಕೇಳುವ ಪುಟದಲ್ಲೂ ಒಂದು ತಡೆಯಿದೆ: ಬಳಕೆದಾರರು ಒಮ್ಮೆ ಒತ್ತುವ ತನಕ ಬ್ರೌಸರ್ ಧ್ವನಿ ಹೊರಡಿಸುವುದಿಲ್ಲ. ಒಂದು ಬಟನ್ ಇಡಿ.

ಬ್ರೌಸರಿನ ಮೀಡಿಯಾರೆಕಾರ್ಡರ್‌ನಿಂದ ಧ್ವನಿಯ ತುಂಡುಗಳನ್ನು ತೆಗೆದು ವೆಬ್‌ಸಾಕೆಟ್‌ನಲ್ಲಿ ಕಳಿಸುವವರಿಗೆ ಇನ್ನೊಂದು ಮಾತು. ಧ್ವನಿಯನ್ನು ಬಿಡಿಸುವ ಬಗೆ ಹೇಳುವ ಫೈಲಿನ ತಲೆಬರಹ (ಹೆಡರ್) ಇರುವುದು ಮೊದಲ ತುಂಡಿನಲ್ಲಿ ಮಾತ್ರ. ನಡುವೆ ಸೇರಿದ ಕೇಳುಗರಿಗೆ ಅದು ಸಿಕ್ಕಿರುವುದಿಲ್ಲ, ಹಾಗಾಗಿ ಅವರ ಯಂತ್ರ ಮುಂದಿನ ಯಾವ ತುಂಡನ್ನೂ ಬಿಡಿಸಲಾರದು. "ಮೊದಲು ಬಂದವರಿಗೆ ಕೇಳುತ್ತದೆ, ಆಮೇಲೆ ಬಂದವರಿಗೆ ಇಲ್ಲ" ಎಂಬ ದೂರು ಬಂದರೆ ಇದೇ.

ಕೇಳುತ್ತದೆ, ಆದರೆ ವಿಚಿತ್ರವಾಗಿ

ಮೈಕ್ ಮುಂದೆ ಯಾರೂ ಇಲ್ಲ, ಆದರೂ ಸ್ಪೀಕರಿನಿಂದ ಭೋರ್ಗರೆತ. ಮಾತಾಡಿದರೆ ಆ ಗದ್ದಲದ ಒಳಗೆಲ್ಲೋ ಮಾತಿನ ಲಯ ಮಾತ್ರ ಗೊತ್ತಾಗುತ್ತದೆ. ಇದು ಬೈಟ್‌ಗಳ ಅದಲುಬದಲು. 16 ಬಿಟ್ ಸ್ಯಾಂಪಲ್ಲಿನಲ್ಲಿ ಎರಡು ಬೈಟ್. ಜಾಲದಲ್ಲಿ ಧ್ವನಿ ಸಾಗಿಸುವ ಆರ್‌ಟಿಪಿಯ ಎಲ್16 ಕ್ರಮದಲ್ಲಿ ದೊಡ್ಡ ಬೈಟ್ ಮೊದಲು, ನಮ್ಮ ಬಹುತೇಕ ಕಂಪ್ಯೂಟರುಗಳ ಒಳಗೆ ಚಿಕ್ಕದು ಮೊದಲು. ಅದಲುಬದಲಾದರೆ 10 ಎಂಬ ಸಣ್ಣ ಬೆಲೆ 2,560 ಆಗುತ್ತದೆ. ಮೌನವೂ ಗರ್ಜಿಸುವುದು ಅದಕ್ಕೇ. ಈ ಗರ್ಜನೆ ಶುರುವಿನಿಂದಲ್ಲದೆ ಒಮ್ಮೊಮ್ಮೆ ಮಾತ್ರ ಬಂದರೆ, ಟಿಸಿಪಿಯಿಂದ (ಕಳೆದದ್ದನ್ನು ಮತ್ತೆ ತರಿಸಿ ಕ್ರಮವಾಗಿ ಕೊಡುವ ಬಗೆ) ಓದುವಾಗ ಬೆಸ ಸಂಖ್ಯೆಯ ಬೈಟ್‌ಗಳು ಕೈಗೆ ಬಂದು ಪ್ರೋಗ್ರಾಮು ಅಲ್ಲಿಂದಾಚೆ ಒಂದು ಬೈಟ್ ಪಕ್ಕಕ್ಕೆ ಜಾರಿದೆ ಎಂದು ತಿಳಿಯಿರಿ. ಉಳಿದ ಒಂದು ಬೈಟನ್ನು ಮುಂದಿನ ಓದಿಗೆ ಎತ್ತಿಡಬೇಕು.

ಶ್ರುತಿ ಬದಲಾಗಿದ್ದರೆ ಕಿವಿಯೇ ಲೆಕ್ಕ ಹೇಳುತ್ತದೆ. 44,100ರಲ್ಲಿ ಹಿಡಿದದ್ದನ್ನು 48,000ರಲ್ಲಿ ನುಡಿಸಿದರೆ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಜೊತೆಗೆ ಕಡಿತವೂ ಇರುತ್ತದೆ: ಬರುವುದು 44,100, ಖರ್ಚಾಗುವುದು 48,000, ಸೆಕೆಂಡಿಗೆ 3,900 ಸ್ಯಾಂಪಲ್ ಕೊರತೆ. 50 ಮಿಲಿಸೆಕೆಂಡ್ ಬಫರಿನಲ್ಲಿರುವ 2,400 ಸ್ಯಾಂಪಲ್ 0.6 ಸೆಕೆಂಡಿನಲ್ಲಿ ಬರಿದಾಗುತ್ತದೆ. ಹೀಗೆ ಏರಿದ ಶ್ರುತಿ ಮತ್ತು ಅರ್ಧ ಸೆಕೆಂಡಿಗೊಂದು ಕಡಿತ ಎರಡೂ ಜೊತೆಯಾಗಿ ಬಂದರೆ ನೆಟ್‌ವರ್ಕನ್ನು ಬೈಯಬೇಡಿ. ಒಂದು ಸ್ಥಾಯಿ ಪೂರ್ತಿ ಮೇಲೇರಿದ್ದರೆ ಮೋನೋ ಕಳಿಸಿ ಸ್ಟೀರಿಯೋ ಎಂದು ನುಡಿಸುತ್ತಿದ್ದೀರಿ. ಒಂದು ಸ್ಥಾಯಿ ಇಳಿದಿದ್ದರೆ ಅದರ ತಿರುಗುಮುರುಗು.

ಮಾತು ಸ್ಪಷ್ಟ, ಆದರೆ ವಾದ್ಯದ ನಾದ ಅಲೆಅಲೆಯಾಗಿ ಮಾಯವಾಗುತ್ತದೆ ಎಂದಾದರೆ ಬ್ರೌಸರಿನ ಪ್ರತಿಧ್ವನಿ ನಿವಾರಣೆ, ಗದ್ದಲ ನಿವಾರಣೆ, ತಾನೇ ಮಟ್ಟ ಸರಿಪಡಿಸುವ ಸೌಲಭ್ಯ — ಮೂರನ್ನೂ ಆಫ್ ಮಾಡಿ ನೋಡಿ. ಇವು ಮಾತಿಗಾಗಿ ಮಾಡಿದವು. ಎಳೆದು ಹಿಡಿದ ಸ್ವರವನ್ನು ಇವು ಫ್ಯಾನಿನ ಸದ್ದು ಎಂದುಕೊಳ್ಳುತ್ತವೆ.

ವೈಫೈನಲ್ಲಿ ಮಾತ್ರ ಕಡಿದರೆ

ಕೇಬಲ್ಲಿನಲ್ಲಿ ಸರಿ, ವೈಫೈನಲ್ಲಿ ಇಲ್ಲ. "ಸಿಗ್ನಲ್ ಕಡಿಮೆ" ಎಂದು ಆಂಟೆನಾ ತಿರುಗಿಸುವ ಮುನ್ನ ಮತ್ತೆ ತಾಳ ಕೇಳಿ.

ಧ್ವನಿ ಹನಿಹನಿಯಾಗಿ ಬರದೆ, ಸೆಕೆಂಡಿಗೆ ಹತ್ತು ಸಲ ಅಥವಾ ಮೂರು ಸಲ ಗುಂಪುಗುಂಪಾಗಿ ಬರುತ್ತಿದ್ದರೆ ನೀವು ಮಲ್ಟಿಕಾಸ್ಟ್ (ಒಂದೇ ಪ್ಯಾಕೆಟ್ಟನ್ನು ಗುಂಪಿಗೆಲ್ಲ ಕಳಿಸುವುದು) ಬಳಸುತ್ತಿದ್ದೀರಿ ಎಂದು ಬಹುಮಟ್ಟಿಗೆ ಹೇಳಬಹುದು. ವೈಫೈ ರೂಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಂದು ಬೀಕನ್, ಅಂದರೆ ನಾನಿದ್ದೇನೆ ಎಂದು ಸಾರುವ ಸಂದೇಶ, ಕಳಿಸುತ್ತದೆ. ಆ ಜಾಲದಲ್ಲಿ ವಿದ್ಯುತ್ ಉಳಿಸಲು ನಿದ್ದೆ ಹೋಗಿರುವ ಒಂದೇ ಒಂದು ಫೋನ್ ಇದ್ದರೂ ಸಾಕು, ಮಲ್ಟಿಕಾಸ್ಟ್ ಪ್ಯಾಕೆಟ್‌ಗಳನ್ನೆಲ್ಲ ಹಿಡಿದಿಟ್ಟುಕೊಂಡು ಡಿಟಿಐಎಂ ಎಂಬ ಗುರುತಿನ ಬೀಕನ್ ಬಂದಾಗ ಒಟ್ಟಿಗೆ ಬಿಡುತ್ತದೆ. ಡಿಟಿಐಎಂ 3 ಇದ್ದರೆ ಸುಮಾರು 300 ಮಿಲಿಸೆಕೆಂಡಿಗೊಮ್ಮೆ. ನಿಮ್ಮ ಧ್ವನಿಗೂ ಆ ಫೋನಿಗೂ ಸಂಬಂಧವೇ ಇರಬೇಕಿಲ್ಲ; ಅದು ಯಾರದೋ ಜೇಬಿನಲ್ಲಿರಬಹುದು. ಇಷ್ಟು ಸಾಲದೆಂಬಂತೆ ವೈಫೈ ಮಲ್ಟಿಕಾಸ್ಟಿಗೆ ತಲುಪಿತೆಂಬ ರಸೀದಿ ಇಲ್ಲ, ಹೋದದ್ದನ್ನು ಮತ್ತೆ ಕಳಿಸುವುದಿಲ್ಲ, ವೇಗವೂ ಕನಿಷ್ಠದ್ದು. ಕೇಳುಗರು ಐದಾರು ಮಂದಿಯಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಯುನಿಕಾಸ್ಟ್ ಕಳಿಸಿ. ಐದು ಪ್ರತಿಗೂ ಸೇರಿ ಸುಮಾರು 4 ಮೆಗಾಬಿಟ್ ಅಷ್ಟೇ.

ಕೇಬಲ್‌ಗಳನ್ನು ಸೇರಿಸುವ ನೆಟ್‌ವರ್ಕ್ ಸ್ವಿಚ್ಚುಗಳಲ್ಲೂ ಮಲ್ಟಿಕಾಸ್ಟಿಗೆ ಒಂದು ತೊಡಕಿದೆ. ಶುರುವಾಗಿ ನಾಲ್ಕೈದು ನಿಮಿಷ ಸೊಗಸಾಗಿ ಕೇಳಿ ಆಮೇಲೆ ಧ್ವನಿ ಪೂರ್ತಿ ನಿಂತುಹೋಗುತ್ತದೆ. ಪ್ರೋಗ್ರಾಮು ಮತ್ತೆ ಶುರು ಮಾಡಿದರೆ ಇನ್ನೊಂದು ನಾಲ್ಕೈದು ನಿಮಿಷ. ಕಾರಣ, ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪು ಸೇರಿದವರಿಗೆ ಮಾತ್ರ ಮಲ್ಟಿಕಾಸ್ಟ್ ತಲುಪಿಸುವ ಸೌಲಭ್ಯ) ಆನ್ ಇದೆ, ಆದರೆ "ಈ ಗುಂಪಿನಲ್ಲಿ ಇನ್ನೂ ಯಾರಿದ್ದೀರಿ?" ಎಂದು ಕೇಳುವ ಕ್ವೆರಿಯರ್ ಜಾಲದಲ್ಲಿ ಯಾರೂ ಇಲ್ಲ. ಯಾರೂ ಕೇಳದ್ದರಿಂದ ಯಾರೂ ಉತ್ತರಿಸುವುದಿಲ್ಲ, ಮಾಮೂಲಿ ಲೆಕ್ಕದ 260 ಸೆಕೆಂಡ್ ಕಳೆದ ಮೇಲೆ ಸ್ವಿಚ್ ಕೇಳುಗರ ಹೆಸರು ಅಳಿಸಿಹಾಕುತ್ತದೆ. ಕ್ವೆರಿಯರ್ ಆನ್ ಮಾಡಿ, ಅಥವಾ ಸಣ್ಣ ಜಾಲವಾದರೆ ಸ್ನೂಪಿಂಗನ್ನೇ ಆಫ್ ಮಾಡಿ.

ಯುನಿಕಾಸ್ಟ್‌ನಲ್ಲೂ ಕಡಿದರೆ ವೈಫೈ ಕಾರ್ಡಿನ ವಿದ್ಯುತ್ ಉಳಿತಾಯ ನಿಲ್ಲಿಸಿ. ಇದನ್ನು ಪಿಂಗ್ ಹಾಕಿ ಹಿಡಿಯಲು ಹೊರಟವರು ಮೋಸಹೋಗುವುದುಂಟು: ಬೇಗಬೇಗನೆ ಪಿಂಗ್ ಹಾಕುತ್ತಿದ್ದರೆ ಕಾರ್ಡ್ ನಿದ್ದೆಗೆ ಹೋಗುವುದೇ ಇಲ್ಲ, ದೋಷ ಮಾಯ. ಸೆಕೆಂಡಿಗೊಂದು ಪಿಂಗ್ ಹಾಕಿದಾಗ 100 ಮಿಲಿಸೆಕೆಂಡ್ ಆಸುಪಾಸು, ಸೆಕೆಂಡಿಗೆ ಐವತ್ತು ಹಾಕಿದಾಗ 2 ಅಥವಾ 3 ಬಂದರೆ ನಿದ್ದೆಯೇ ಕಾರಣ ಎಂದು ತೀರ್ಮಾನಿಸಿ. ಪಿಂಗ್‌ನಲ್ಲಿ ಸರಾಸರಿ ನೋಡಬೇಡಿ, ಗರಿಷ್ಠ ನೋಡಿ. ಧ್ವನಿ ಕಡಿಯುವುದು ಗರಿಷ್ಠದಿಂದ.

ಪ್ಯಾಕೆಟ್ಟಿನ ಗಾತ್ರವನ್ನೂ ಒಮ್ಮೆ ಲೆಕ್ಕ ಹಾಕಿ. 20 ಮಿಲಿಸೆಕೆಂಡಿನ ಮೋನೋ ಧ್ವನಿ 1,920 ಬೈಟ್. ಈಥರ್ನೆಟ್ ಒಂದು ಸಲಕ್ಕೆ ಒಯ್ಯುವುದು 1,500. ಆದ್ದರಿಂದ ಪ್ರತಿ ಪ್ಯಾಕೆಟ್ ಎರಡು ಚೂರಾಗುತ್ತದೆ, ಒಂದು ಚೂರು ಕಳೆದರೆ ಇನ್ನೊಂದೂ ವ್ಯರ್ಥ. 10 ಮಿಲಿಸೆಕೆಂಡ್ ಇಟ್ಟರೆ 960 ಬೈಟ್, ಆರಾಮವಾಗಿ ಹಿಡಿಸುತ್ತದೆ. ವೈಫೈನಲ್ಲಿ ಧ್ವನಿಯನ್ನು ಕುಗ್ಗಿಸಿ ಕಳಿಸುವ ಓಪಸ್ ಕೋಡೆಕ್ ಬಳಸಿದರೆ ಗಾತ್ರದ ಚಿಂತೆಯೇ ಇಲ್ಲ; ಅದು ಸೇರಿಸುವ ವಿಳಂಬ ಮಾಮೂಲಿ ಸೆಟ್ಟಿಂಗಿನಲ್ಲಿ 26.5 ಮಿಲಿಸೆಕೆಂಡ್, ಹೋದ ತುಂಡನ್ನು ಮುಚ್ಚುವ ಜಾಣತನವೂ ಅದರಲ್ಲಿದೆ.

ಹತ್ತು ನಿಮಿಷಕ್ಕೊಮ್ಮೆ ಬರುವ ಟಕ್

ನನ್ನನ್ನು ಬಹಳ ದಿನ ಕಾಡಿದ್ದು ಇದು. ಒಂದು ಸಭಾಂಗಣದ ಮೈಕಿನಿಂದ ಪಕ್ಕದ ಕೋಣೆಯ ಸ್ಪೀಕರಿಗೆ ಧ್ವನಿ ಕಳಿಸಬೇಕಿತ್ತು. ಪೂರ್ತಿ ಕೇಬಲ್, ವೈಫೈ ಇಲ್ಲವೇ ಇಲ್ಲ. ಸ್ವಿಚ್ಚಿನಲ್ಲಿ ಬೇರೆ ಯಾವ ಓಡಾಟವೂ ಇಲ್ಲ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನ ಟೆಲಿಫೋನಿ ಮೆನುವಿನಲ್ಲಿ ಆರ್‌ಟಿಪಿ ವಿಶ್ಲೇಷಣೆ ತೆರೆದರೆ ಕಳೆದ ಪ್ಯಾಕೆಟ್ ಸೊನ್ನೆ, ಪ್ಯಾಕೆಟ್‌ಗಳ ನಡುವಿನ ಅಂತರವೂ ಗೆರೆ ಎಳೆದಂತೆ 10 ಮಿಲಿಸೆಕೆಂಡ್. ಆದರೂ ಭಾಷಣದ ನಡುವೆ ಆಗಾಗ ಒಂದು ಅಕ್ಷರ ನುಂಗಿಹೋಗುತ್ತಿತ್ತು.

ಕಾಗದದ ಮೇಲೆ ಸಮಯ ಬರೆಯುತ್ತಾ ಕೂತೆ. 10:04, 10:14, 10:24, 10:34. ಅಷ್ಟು ಕರಾರುವಾಕ್ಕಾಗಿ ಬರುವುದು ಗಾಳಿಯ ಅಡಚಣೆಯಲ್ಲ, ಸ್ವಿಚ್ಚಿನ ದಟ್ಟಣೆಯೂ ಅಲ್ಲ. ಬಫರ್ 60 ಮಿಲಿಸೆಕೆಂಡ್ ಇತ್ತು. ಪರೀಕ್ಷೆಗಾಗಿ ಅದನ್ನು 120 ಮಾಡಿದೆ. ಮುಂದಿನ ಕಡಿತ ಬಂದದ್ದು ಇಪ್ಪತ್ತು ನಿಮಿಷಕ್ಕೆ, ನುಂಗಿದ ತುಂಡೂ ಎರಡರಷ್ಟು ಉದ್ದ. ಆಗ ಗೊತ್ತಾಯಿತು: ಬಫರ್ ಎಂಬ ತೊಟ್ಟಿ ನಿಧಾನವಾಗಿ, ಒಂದೇ ವೇಗದಲ್ಲಿ ಸೋರುತ್ತಿದೆ.

ಸೋರುವುದು ಏಕೆಂದರೆ, ಎರಡು ಸೌಂಡ್ ಕಾರ್ಡುಗಳಲ್ಲಿ ಸ್ಯಾಂಪಲ್‌ಗಳ ವೇಗ ನಿರ್ಧರಿಸುವ ಎರಡು ಬೇರೆ ಹರಳುಗಳಿವೆ. ಎರಡೂ 48,000 ಎಂದು ಹೇಳಿಕೊಂಡರೂ ಯಾವುದೂ ಸರಿಯಾಗಿ 48,000 ಇರುವುದಿಲ್ಲ. ಹತ್ತು ಲಕ್ಷಕ್ಕೆ 100ರಷ್ಟು ವ್ಯತ್ಯಾಸವಿದ್ದರೆ ಸೆಕೆಂಡಿಗೆ 4.8 ಸ್ಯಾಂಪಲ್. ಹತ್ತು ನಿಮಿಷಕ್ಕೆ 2,880 ಸ್ಯಾಂಪಲ್, ಅಂದರೆ ಸರಿಯಾಗಿ 60 ಮಿಲಿಸೆಕೆಂಡ್. ಬಫರ್ ಬರಿದಾಯಿತು, ಪ್ರೋಗ್ರಾಮು ಮೌನ ನುಡಿಸಿ ಅದನ್ನು ಮತ್ತೆ ತುಂಬಿಸಿಕೊಂಡಿತು, ಮತ್ತೆ ಹತ್ತು ನಿಮಿಷ. ಎಷ್ಟೇ ಒಳ್ಳೆಯ ನೆಟ್‌ವರ್ಕ್ ತಂದರೂ ಇದು ಹೋಗುವುದಿಲ್ಲ, ಏಕೆಂದರೆ ಇದು ನೆಟ್‌ವರ್ಕಿನ ದೋಷವೇ ಅಲ್ಲ. ಬಫರ್ ಇಮ್ಮಡಿ ಮಾಡಿದಾಗ ಕಡಿತಗಳ ನಡುವಿನ ಅವಧಿಯೂ ಇಮ್ಮಡಿಯಾದರೆ ಹರಳಿನ ವ್ಯತ್ಯಾಸವೇ ಎಂದು ನಿಸ್ಸಂಶಯವಾಗಿ ಹೇಳಬಹುದು. ಬಫರನ್ನು ಮೊದಲೇ ಮುಟ್ಟಬಾರದು ಎಂದ ನಾನು ಇಲ್ಲಿ ಮುಟ್ಟಿದ್ದು ಗುಣಪಡಿಸಲಿಕ್ಕಲ್ಲ, ಅಳೆಯಲಿಕ್ಕೆ.

ಮದ್ದು ಒಂದೇ: ಕೇಳಿಸುವ ಕಡೆ ಬಫರಿನ ಮಟ್ಟ ನೋಡುತ್ತಾ ವೇಗವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುವ ರೀಸ್ಯಾಂಪ್ಲಿಂಗ್. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಪಲ್ಸ್‌ಆಡಿಯೋದ ಆರ್‌ಟಿಪಿ ಮಾಡ್ಯೂಲ್ ಇದನ್ನು ಮಾಡುತ್ತದೆ, ಜಾಕ್ ಎಂಬ ಇನ್ನೊಂದು ಧ್ವನಿ ವ್ಯವಸ್ಥೆ ಬಳಸುವವರಿಗೆ ಜೀಟಾ ಎನ್‌ಜೆ ಬ್ರಿಡ್ಜ್ ಇದೆ, ಬ್ರೌಸರುಗಳ ವೆಬ್‌ಆರ್‌ಟಿಸಿ ತನ್ನದೇ ರೀತಿಯಲ್ಲಿ ಮಾತನ್ನು ಹಿಗ್ಗಿಸಿ ಕುಗ್ಗಿಸಿ ನಿಭಾಯಿಸುತ್ತದೆ. ಸ್ವಂತ ಪ್ರೋಗ್ರಾಮು ಬರೆದವರು ಸಾಮಾನ್ಯವಾಗಿ ಮರೆಯುವುದು ಇದನ್ನೇ, ಏಕೆಂದರೆ ಐದು ನಿಮಿಷದ ಪರೀಕ್ಷೆಯಲ್ಲಿ ಇದು ತಲೆಯೆತ್ತುವುದೇ ಇಲ್ಲ.

ಕಡಿಯುವುದಿಲ್ಲ, ಹಿಂದೆ ಬೀಳುತ್ತದೆ

ಹರಳಿನ ವ್ಯತ್ಯಾಸ ಎದುರು ದಿಕ್ಕಿನಲ್ಲಿದ್ದರೆ ತೊಟ್ಟಿ ಸೋರುವ ಬದಲು ತುಂಬುತ್ತಾ ಹೋಗುತ್ತದೆ. ಅದೇ 100ರ ಲೆಕ್ಕದಲ್ಲಿ ಗಂಟೆಗೆ 360 ಮಿಲಿಸೆಕೆಂಡ್. ಶುರುವಿನಲ್ಲಿ ಸರಿಯಿದ್ದದ್ದು ಮೂರು ಗಂಟೆ ಕಳೆಯುವಷ್ಟರಲ್ಲಿ ಒಂದು ಸೆಕೆಂಡಿಗೂ ಮೀರಿ ಹಿಂದೆ. ಆದರೆ ಹಿಂದೆ ಬೀಳುವುದಕ್ಕೆ ಟಿಸಿಪಿಯೂ ಕಾರಣವಾಗಬಹುದು, ಎರಡನ್ನೂ ಬೇರ್ಪಡಿಸುವುದು ಹೇಗೆ?

ಚಪ್ಪಾಳೆ ತಟ್ಟಿ. ಸ್ಪೀಕರಿನ ಸದ್ದೂ ಮೈಕ್ ಇರುವ ಜಾಗದ ಸದ್ದೂ ಎರಡೂ ಕೇಳುವಲ್ಲಿ ಒಂದು ಫೋನನ್ನು ರೆಕಾರ್ಡಿಂಗ್‌ಗೆ ಇಡಿ, ಹತ್ತು ನಿಮಿಷಕ್ಕೊಂದು ಚಪ್ಪಾಳೆ ಹೊಡೆಯಿರಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಸೇರಿ ಕೂಗದಂತೆ ಮಟ್ಟ ಕಡಿಮೆ ಇರಲಿ. ಆಮೇಲೆ ಆಡಾಸಿಟಿಯಲ್ಲಿ ನಿಜವಾದ ಚಪ್ಪಾಳೆಗೂ ಸ್ಪೀಕರಿನದಕ್ಕೂ ಇರುವ ಅಂತರ ಅಳೆದು ಪಟ್ಟಿ ಮಾಡಿ. ಅಂತರ ಇಳಿಜಾರಿನಂತೆ ನಯವಾಗಿ ಬೆಳೆದರೆ ಹರಳು. ಮೆಟ್ಟಿಲಿನಂತೆ ಒಮ್ಮೆ 200, ಇನ್ನೊಮ್ಮೆ 400 ಎಂದು ಜಿಗಿದು ಅಲ್ಲೇ ನಿಂತರೆ ಟಿಸಿಪಿ.

ಟಿಸಿಪಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವ ತನಕ ಅದರ ಹಿಂದೆ ಬಂದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಿ ಕಳೆದದ್ದನ್ನು ಮತ್ತೆ ಕಳಿಸುವ ಟೈಮರಿನ ಕನಿಷ್ಠ ಕಾಯುವಿಕೆ 200 ಮಿಲಿಸೆಕೆಂಡ್. ಆಮೇಲೆ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ. ಪ್ರೋಗ್ರಾಮು ಆ ಹಳೆಯ ಧ್ವನಿಯನ್ನೆಲ್ಲ ನಿಷ್ಠೆಯಿಂದ ನುಡಿಸುತ್ತಾ ಹೋದರೆ ಆ 200 ಮಿಲಿಸೆಕೆಂಡ್ ಶಾಶ್ವತವಾಗಿ ಉಳಿದುಬಿಡುತ್ತದೆ. ಯುಡಿಪಿಗೆ ಬದಲಿಸುವುದು ಸರಿಯಾದ ದಾರಿ. ಟಿಸಿಪಿಯ ಮೇಲೆಯೇ ಓಡುವ ವೆಬ್‌ಸಾಕೆಟ್‌ನಿಂದ ಬಿಡುಗಡೆಯಿಲ್ಲದಿದ್ದರೆ, ಬಫರ್ ಒಂದು ಮಿತಿ ದಾಟಿದಾಗ ಹಳೆಯದನ್ನು ಬಿಸಾಡುವ ಧೈರ್ಯ ಪ್ರೋಗ್ರಾಮಿಗೆ ಇರಬೇಕು. ಟಿಸಿಪಿಯ ನೇಗಲ್ ಅಲ್ಗಾರಿದಮ್ ಆಫ್ ಮಾಡುವುದನ್ನೂ ಮರೆಯಬೇಡಿ. ಸಣ್ಣ ತುಂಡುಗಳನ್ನು ಕೂಡಿಹಾಕಿ ಕಳಿಸುವುದು ಅದರ ಕೆಲಸ, ನಮಗೆ ಬೇಕಾದದ್ದರ ತದ್ವಿರುದ್ಧ.

ಮೊದಲ ಚಪ್ಪಾಳೆಯಿಂದಲೇ 200 ಮಿಲಿಸೆಕೆಂಡ್ ಇದ್ದು, ಕೊನೆಯ ತನಕ ಅಷ್ಟೇ ಇದ್ದರೆ? ಸ್ಪೀಕರ್ ಬ್ಲೂಟೂತ್‌ನದೇ ನೋಡಿ. ಆ ವಿಳಂಬ ಬ್ಲೂಟೂತ್‌ನದು, ತಂತಿಯ ಸ್ಪೀಕರ್ ಹಾಕಿದ ಕ್ಷಣ ಹೋಗುತ್ತದೆ.

ಈಗ ಬಫರ್ ಮುಟ್ಟಿ

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಪ್ಯಾಕೆಟ್‌ಗಳ ಸಹಜ ಏರುಪೇರು. ವೈರ್‌ಶಾರ್ಕ್‌ನಲ್ಲಿ ಕನಿಷ್ಠ ಒಂದು ಗಂಟೆ, ಜಾಲದಲ್ಲಿ ನಿತ್ಯದ ಓಡಾಟ ಇರುವ ಹೊತ್ತಿನಲ್ಲೇ ಹಿಡಿದು, ಎರಡು ಪ್ಯಾಕೆಟ್‌ಗಳ ನಡುವಿನ ಗರಿಷ್ಠ ಅಂತರ ನೋಡಿ. ಅದು 28 ಮಿಲಿಸೆಕೆಂಡ್ ಎಂದು ಬಂದರೆ ಬಫರ್ 40 ಇಡಿ, 200 ಅಲ್ಲ. ಮಾತಾಡುವವರು ಕೇಳುವವರ ಕಣ್ಣೆದುರೇ ಇದ್ದರೆ ಪ್ರತಿ 10 ಮಿಲಿಸೆಕೆಂಡೂ ಮುಖ್ಯ. ಗಾಳಿಯಲ್ಲಿ ಧ್ವನಿ ಅಷ್ಟರಲ್ಲಿ ಸುಮಾರು ಮೂರೂವರೆ ಮೀಟರ್ ಸಾಗಿರುತ್ತದೆ. ಬೇರೆ ಕೋಣೆಯಲ್ಲಿ ಕೇಳುವವರಿಗೆ 80 ಇದ್ದರೂ ತೊಂದರೆಯಿಲ್ಲ. ಇಟ್ಟ ಸಂಖ್ಯೆ, ಅಳೆದ ಗರಿಷ್ಠ ಅಂತರ, ಅಳೆದ ದಿನಾಂಕ ಮೂರನ್ನೂ ಆ ಯಂತ್ರದ ಮೇಲೆಯೇ ಚೀಟಿ ಬರೆದು ಅಂಟಿಸಿ. ಮುಂದಿನ ಸಲ ಕಡಿದಾಗ ಮೊದಲು ಆ ಗಂಟೆಯ ಅಳತೆಯನ್ನೇ ಮತ್ತೊಮ್ಮೆ ಮಾಡಿ ಚೀಟಿಯ ಪಕ್ಕ ಹಿಡಿದು ನೋಡಬಹುದು.